ಗುಂಯ್ ಎನ್ನುವ ಪೆಟ್ಟಿಗೆ

ನಮ್ಮ ಊರಿನಲ್ಲಿ ಕೆಟ್ಟುಹೋದ ಸಾಮಾನು ಸರಿಯಾಗಬೇಕಾದರೆ ಅದನ್ನು ರಿಪೇರಿ ಮಾಡುವವರಿಗೂ ಅದರ ಯಜಮಾನರಿಗೂ ಮುನಿಸಿರಬೇಕು. ಬೇಕಾದವರ ಕೈ ಆಗಿಬರುವುದಿಲ್ಲ. ಸ್ನೇಹಿತ ಹೊಲಿದುಕೊಟ್ಟ ಚಪ್ಪಲಿ ಬೀದಿಯ ತುದಿ ಮುಟ್ಟುವುದರೊಳಗೆ ಬಾಯಿ ಬಿಡುತ್ತದೆ. ಭಾವಮೈದುನ ಹಾಕಿದ ಪಂಕ್ಚರಿಗೆ ಗಾಳಿ ನಿಲ್ಲುವುದಿಲ್ಲ. ಅದಕ್ಕೇ ಪ್ರತಿಯೊಂದು ಮನೆಯವರೂ ಒಬ್ಬ ಬಡಗಿಯ ಜೊತೆ, ಒಬ್ಬ ನಲ್ಲಿ ರಿಪೇರಿಯವನ ಜೊತೆ, ಒಬ್ಬ ಸೈಕಲ್ ಶಾಪಿನವನ ಜೊತೆ ಮಾತು ಬಿಟ್ಟಿರುತ್ತಾರೆ. ಹೆಣ್ಣು ಕೊಡುವ ಮುಂಚೆ “ನಿಮ್ಮ ಮನೇಲಿ ಯಾರ್ಯಾರ ಜೊತೆ ಮಾತಿಲ್ಲ?” ಎಂದು ಕೇಳುವುದುಂಟು. “ಬಡಗಿ ಜೊತೆ ಇಲ್ಲ, ಗಾರೆಯವರ ಜೊತೆ ಇಲ್ಲ, ಎಲ್ಲಾ ನಮ್ಮ ತಾತನ ಕಾಲದ್ದು” ಅಂದರೆ ಹೆಣ್ಣಿನವರಿಗೆ ಸಮಾಧಾನ. ಯುಗಾದಿಗೆ ಎಲ್ಲರ ಮನೆಗೂ ಬೇವು ಬೆಲ್ಲ ಹಂಚುತ್ತೇವೆ, ರಿಪೇರಿಯವರ ಮನೆಗೆ ಮಾತ್ರ ಬರೀ ಬೇವು. ಕೈಗುಣ ಇರುವ ಮೆಕ್ಯಾನಿಕ್ಕಿನ ಬಾಗಿಲಲ್ಲಿ ಅವತ್ತು ಮಧ್ಯಾಹ್ನದ ಹೊತ್ತಿಗೆ ಬೇವಿನ ಸೊಪ್ಪಿನ ಗುಡ್ಡೆ ಬಿದ್ದಿರುತ್ತದೆ. ಗುಡ್ಡೆ ಎತ್ತರವಾದಷ್ಟೂ ಮರ್ಯಾದೆ.

ಮಾತಿಲ್ಲ ಅಂದಮೇಲೆ ಕೆಲಸ ಹೇಳುವುದು ಹೇಗೆ? ಅದಕ್ಕೆ ನಮ್ಮಂಥವರು. ನಮ್ಮನ್ನು ನಡುಮಾತಿನವರು ಅನ್ನುತ್ತಾರೆ. ಕಾಳಾಚಾರ್ರ ರೇಡಿಯೋ ರಿಪೇರಿ ಅಂಗಡಿಯಲ್ಲಿ, ಬಾಗಿಲ ಪಕ್ಕದ ಮೋಟು ಸ್ಟೂಲಿನ ಮೇಲೆ ಕೂತೂ ಕೂತೂ ನಾನು ತಲೆ ನರೆಸಿಕೊಂಡಿದ್ದೇನೆ. ಗಿರಾಕಿ ಮೇಜಿನ ಈ ಕಡೆ, ಆಚಾರ್ರು ಆ ಕಡೆ. ನಡುವೆ ಒಂದು ಮೊಳ ಜಾಗ. “ರೇಡಿಯೋ ಕೆಮ್ಮುತ್ತೆ ಅಂತ ಹೇಳು ಚೌಡಕ್ಕ” ಎಂದು ಗಿರಾಕಿ ಅನ್ನುತ್ತಾನೆ. ನಾನು ತಿರುಗಿ “ಕೆಮ್ಮುತ್ತಂತೆ” ಅನ್ನುತ್ತೇನೆ. ಆಚಾರ್ರಿಗೆ ಕೇಳಿಸಿತು ಅಂತ ಲೆಕ್ಕಕ್ಕೆ ಬರುವುದು ಆಗ. ನಾನು ಶಾಲೆಯ ಜಗಲಿ ಹತ್ತಿದ್ದು ಬಿಟ್ಟರೆ ಒಳಗೆ ಕೂತದ್ದು ಕಡಿಮೆ. ಆದರೆ ಯಾರಿಗೆ ಯಾರ ಮೇಲೆ ಯಾತಕ್ಕೆ ಕೋಪ ಅನ್ನುವುದೆಲ್ಲ ನೆನಪಿದೆ. ನಡುಮಾತಿನವರಿಗೆ ಯಾರ ಮೇಲೂ ಮುನಿಸು ಇರಕೂಡದು. ಹಾಗಾಗಿ ನನ್ನ ಮನೆಯಲ್ಲಿ ಕೆಟ್ಟದ್ದೆಲ್ಲ ಕೆಟ್ಟ ಹಾಗೆಯೇ ಇದೆ. ಬಾಗಿಲಿಗೆ ಚಿಲಕವಿಲ್ಲ, ಒಂದು ಕಲ್ಲು ಒತ್ತಿಡುತ್ತೇನೆ. ನಡೆಯುತ್ತದೆ.

ಎಸ್ತರ್ ಈ ಊರಿಗೆ ಬಂದಾಗ ಅವಳ ಕೈಯಲ್ಲಿ ಒಂದು ಗಿಟಾರು, ತಳ್ಳುಗಾಡಿಯ ಮೇಲೆ ಒಂದು ಭಾರದ ಪೆಟ್ಟಿಗೆ, ಅಷ್ಟೇ. ಗಂಡ ತೀರಿಕೊಂಡಿದ್ದ. ಆ ಪೆಟ್ಟಿಗೆಗೆ ತಂತಿ ಸಿಕ್ಕಿಸಿ ಬಾರಿಸಿದರೆ ಗಿಟಾರಿನ ದನಿ ದೊಡ್ಡದಾಗಿ ಬರುತ್ತದೆ. ಈಗಿನ ಪೆಟ್ಟಿಗೆಗಳ ಹಾಗಲ್ಲ, ಒಳಗೆ ಹಳೇ ರೇಡಿಯೋದಲ್ಲಿ ಇರುವಂಥ ಗಾಜಿನ ವಾಲ್ವುಗಳು. ಕರೆಂಟು ಕೊಟ್ಟ ಮೇಲೆ ಅವು ಕೆಂಪಗೆ ಕಾದು, ಆಮೇಲೆ ದನಿ ಹುಟ್ಟಬೇಕು. ಹಾಗೆ ಕಾದು ಬಂದ ದನಿಗೆ ಒಂದು ಕಾವು ಇರುತ್ತಿತ್ತು. ಹೊದ್ದುಕೊಳ್ಳಬಹುದು ಅನ್ನಿಸುವಂಥ ದನಿ.

ಪಾಪ, ಅವಳಿಗೆ ಊರಿನಲ್ಲಿ ಒಬ್ಬರ ಜೊತೆಗೂ ಜಗಳ ಇರಲಿಲ್ಲ. ನಾಳೆ ಸ್ಟೌ ಕೆಟ್ಟರೆ ಏನು ಗತಿ ಎಂದು ಪಕ್ಕದ ಮನೆಯ ಲೀಲಮ್ಮನಿಗೆ ಒಂದೇ ಯೋಚನೆ. ಕೈಹಿಡಿದು ಕರೆದುಕೊಂಡು ಹೋಗಿ ಬಡಗಿಯ ಜೊತೆ ಮಂಚದ ಕಾಲಿನ ವಿಷಯಕ್ಕೆ ಜಗಳ ಆಡಿಸಿದಳು, ಸ್ಟೌ ರಿಪೇರಿಯವನ ಜೊತೆ ಸುಮ್ಮಸುಮ್ಮನೆ ಆಡಿಸಿದಳು. ಕಾಳಾಚಾರ್ರ ವಿಷಯದಲ್ಲಿ ಲೀಲಮ್ಮ ಕಷ್ಟಪಡುವುದೇ ಬೇಕಾಗಲಿಲ್ಲ. ಮೊದಲನೇ ದಿನ ಪೆಟ್ಟಿಗೆಯನ್ನು ಅಂಗಡಿಯಲ್ಲಿ ಇಳಿಸಿದಾಗ ಆಚಾರ್ರು ತಮ್ಮ ಟೀ ಲೋಟವನ್ನು ಅದರ ನೆತ್ತಿಯ ಮೇಲೆ ಇಟ್ಟುಬಿಟ್ಟರು. ಎಸ್ತರ್ ಲೋಟ ಎತ್ತಿ ನನ್ನ ಕೈಗೆ ಕೊಟ್ಟು, “ಲೋಟ ಇಡೋಕೆ ಮಟ್ಟಸವಾದ ಜಾಗ ಬೇಕಂದ್ರೆ ಅವರ ಬೋಳುತಲೆ ಇದೆಯಲ್ಲ ಅಂತ ಹೇಳಿಯಮ್ಮ” ಅಂದಳು. ಮೊದಲ ಸಲ ಬಂದವಳಿಂದ ಹಾಗೆ ಅನ್ನಿಸಿಕೊಂಡು ಆಚಾರ್ರ ಕಿವಿ ಕೆಂಪಾಯಿತು. ನಾನು ಎಷ್ಟೋ ಮುನಿಸು ನೋಡಿದ್ದೇನೆ, ಅಷ್ಟು ಗಟ್ಟಿಯಾಗಿ ಒಂದೇ ಸಲಕ್ಕೆ ಕಚ್ಚಿಕೊಂಡದ್ದು ಕಡಿಮೆ. ಅವತ್ತು ಮಾಡಿದ ರಿಪೇರಿ ವರ್ಷಗಟ್ಟಲೆ ಜಗ್ಗಲಿಲ್ಲ.

ಆಮೇಲೆ ಅವಳು ಪರಶಿವಯ್ಯನ ಆರ್ಕೆಸ್ಟ್ರಾ ಸೇರಿದಳು. ಪರಶಿವಯ್ಯ ಅದರ ಮಾಲೀಕ, ಹಾಡುವವನೂ ಅವನೇ. ಮದುವೆ, ನಾಮಕರಣ, ಅಂಗಡಿ ಪೂಜೆ, ಎಲ್ಲದಕ್ಕೂ ಅವನ ಹಾಡು, ಅದರ ಹಿಂದೆ ಎಸ್ತರಳ ಗಿಟಾರು. ಬೇರೆ ಏನಾದರೂ ಸಣ್ಣಪುಟ್ಟದಕ್ಕೆ ವರ್ಷಕ್ಕೆ ಎರಡೋ ಮೂರೋ ಸಲ ಪೆಟ್ಟಿಗೆ ಅಂಗಡಿಗೆ ಬರುತ್ತಿತ್ತು. ಆಗೆಲ್ಲ ಇವಳು ಒಂದು ಚುಚ್ಚುವುದು, ಅವರು ಒಂದು ತಿವಿಯುವುದು, ನಾನು ಇದನ್ನು ಅಲ್ಲಿಗೂ ಅದನ್ನು ಇಲ್ಲಿಗೂ ದಾಟಿಸುವುದು. ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತೂ ಆಡಿದವರಲ್ಲ.

ಮುನಿಸು ಯಾವಾಗ ಹಳಸಿತು ಅಂತ ಕೇಳಿದರೆ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಅವಳ ಪೆಟ್ಟಿಗೆ ಒರೆಸುವುದಕ್ಕೆಂದೇ ಆಚಾರ್ರು ಒಂದು ಬೇರೆ ಬಟ್ಟೆ ಇಟ್ಟುಕೊಂಡಿದ್ದರು, ಒಗೆದು ಮಡಿಸಿದ್ದು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಅವಳೂ ಬೇರೆಯವರು ಆಚಾರ್ರನ್ನು ಬೈದರೆ “ಅವರನ್ನ ಬಯ್ಯೋ ಕೆಲಸ ನಂದು, ನೀವು ಸುಮ್ಮನಿರಿ” ಅನ್ನುತ್ತಿದ್ದಳು. ಊರಿನವರು ನೆನಪಿಟ್ಟುಕೊಂಡಿರುವುದು ಯುಗಾದಿಯ ಸಂಗತಿಯನ್ನು. ಎಸ್ತರ್ ಚರ್ಚಿಗೆ ಹೋಗುವವಳಾದರೂ ಬೇವು ಕಳಿಸುವುದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಆ ವರ್ಷ ಕಾರ್ಯಕ್ರಮಕ್ಕೆ ಹೊರಡುವ ಅವಸರದಲ್ಲಿ ಎರಡು ಎಲೆ ಪೊಟ್ಟಣ ಕಟ್ಟಿದಳು. ಬೆಲ್ಲ ಇದ್ದದ್ದು ಲೀಲಮ್ಮನಿಗೆ, ಬರೀ ಬೇವು ಆಚಾರ್ರಿಗೆ. ನನ್ನ ಕೈಗೆ ಕೊಟ್ಟದ್ದನ್ನು ನಾನು ತಂದು ಆಚಾರ್ರಿಗೆ ಕೊಟ್ಟೆ. ಬಿಚ್ಚಿದರೆ ಒಳಗೆ ಬೆಲ್ಲದ ಅಚ್ಚು. ನಮ್ಮ ಊರಿನಲ್ಲಿ ಇಂಥ ತಪ್ಪಾದರೆ ಮೆಕ್ಯಾನಿಕ್ಕು ಪೊಟ್ಟಣವನ್ನು ಹಾಗೇ ವಾಪಸು ಕಳಿಸಬೇಕು. ಅದು ಕ್ರಮ. “ಎಲೆ ಅದಲುಬದಲಾಗಿದೆ ಆಚಾರ್ರೆ” ಅಂದೆ. “ಆಗಿರಬೇಕು” ಅಂದರು. ಅಂದು, ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಬೆರಳನ್ನೂ ಚೀಪಿದರು.

ಮಾರನೆಯ ದಿನವೇ ಪೆಟ್ಟಿಗೆ ಗುಂಯ್ ಅಂದಿತು.

ಎಸ್ತರ್ ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದಳು. “ಎರಡು ಥರ ಸದ್ದು ಬರ್ತಿದೆ ಅಂತ ಹೇಳಕ್ಕ. ಒಂದು ಜೇನುಹುಳದ ಥರ ಗುಂಯ್ ಅನ್ನುತ್ತೆ, ನಿಲ್ಲೋದೇ ಇಲ್ಲ. ಅದರ ಮೇಲೆ ಇನ್ನೊಂದು, ಒಗ್ಗರಣೆಗೆ ಸಾಸಿವೆ ಹಾಕ್ದಂಗೆ ಚಿಟಪಟ.” ನಾನು ಹೇಳಿದೆ. ಆಚಾರ್ರು ಪ್ಲಗ್ ಹಾಕಿ, ವಾಲ್ವು ಕಾಯುವವರೆಗೂ ಕಾದು, ಕಿವಿಯನ್ನು ಪೆಟ್ಟಿಗೆಗೆ ಹತ್ತಿರ ಹಿಡಿದು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಇದು ಕಂಡೆನ್ಸರ್ ಇರಬೇಕು. ಬೇರೆ ಏನೂ ಅಲ್ಲ ಅಂತ ಹೇಳಿ” ಎಂದರು. ಬೇರೆ ಏನೂ ಅಲ್ಲ ಅನ್ನುವುದನ್ನು ಅವರು ಸ್ವಲ್ಪ ಜೋರಾಗಿಯೇ ಹೇಳಿದರು. ಎದುರು ಅಂಗಡಿಯ ಟೈಲರ್ ಮಷೀನು ತುಳಿಯುವುದನ್ನು ನಿಲ್ಲಿಸಿ ಈ ಕಡೆ ನೋಡಿದ. ಮುನಿಸು ಹೋದರೆ ಹಳೆಯ ರಿಪೇರಿಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ ಅನ್ನುವುದು ನಮ್ಮ ಊರಿನಲ್ಲಿ ತೊಟ್ಟಿಲ ಮಗುವಿಗೂ ಗೊತ್ತು.

ಅಲ್ಲಿಂದ ಶುರುವಾಯಿತು ಆಚಾರ್ರ ಹುಡುಕಾಟ. ಮೊದಲು ಗಿಟಾರಿನ ವೈರು ಕಿತ್ತು ನೋಡಿದರು. ಸದ್ದು ಹಾಗೇ ಇತ್ತು, ಅಂದಮೇಲೆ ವೈರಿನದಲ್ಲ. ದನಿಯ ಗುಂಡಿಯನ್ನು ಪೂರ್ತಿ ತಗ್ಗಿಸಿದರು. ಚಿಟಪಟ ಕಡಿಮೆಯಾಯಿತು, ಗುಂಯ್ ಕಡಿಮೆಯಾಗಲಿಲ್ಲ. ಪೆನ್ಸಿಲಿನ ಹಿಂಬದಿಯಿಂದ ಒಂದೊಂದೇ ವಾಲ್ವನ್ನು ಮೆಲ್ಲಗೆ ತಟ್ಟಿದರು. ಮಲಗಿದ ಮಗುವಿನ ಕೆನ್ನೆ ತಟ್ಟಿದ ಹಾಗೆ. ಒಂದು ಮಾತ್ರ ಟಿಂಗ್ ಅಂದಿತು. ಅದನ್ನು ಬದಲಾಯಿಸಿದರು. ವಾಲ್ವು ಕೂರುವ ತೂತುಗಳನ್ನು ಸ್ಪಿರಿಟ್ ಹಾಕಿ ತೊಳೆದರು. ಪ್ಲಗ್ ಕಿತ್ತರೂ ಇಂಥ ಪೆಟ್ಟಿಗೆಯೊಳಗೆ ಕರೆಂಟು ಅವಿತುಕೊಂಡಿರುತ್ತದೆ. ಅದನ್ನು ಹುಷಾರಾಗಿ ಹೊರಗೆ ಬಿಟ್ಟು, ದಪ್ಪನೆಯ ಕಂಡೆನ್ಸರುಗಳನ್ನು ತೆಗೆದು ಹೊಸದನ್ನು ಬೆಸೆದರು. ಟೀ ಕುಡಿಯುವಷ್ಟು ಹೊತ್ತು ಪೆಟ್ಟಿಗೆ ಸುಮ್ಮನಿತ್ತು. ಆಚಾರ್ರು ಗೆದ್ದವರ ಹಾಗೆ ಟೈಲರ್ ಕಡೆ ನೋಡಿದರು. ಲೋಟ ಕೆಳಗಿಟ್ಟರು. ಗುಂಯ್.

“ಟ್ಯೂಬ್‌ಲೈಟಿನ ಚೋಕಿನದು” ಅಂದರು. ಟ್ಯೂಬ್‌ಲೈಟ್ ಆರಿಸಿದೆವು. “ಫ್ಯಾನಿನ ರೆಗ್ಯುಲೇಟರಿನದು.” ಫ್ಯಾನೂ ನಿಲ್ಲಿಸಿ ಬೆವರಿಕೊಂಡು ಕೂತೆವು. “ಅರ್ಥಿಂಗ್ ಸರಿಯಿಲ್ಲ.” ಅಂಗಡಿಯ ಹಿತ್ತಿಲಲ್ಲಿ ತಾವೇ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಹೊಸ ಕಂಬಿ ಹೂತು ಬಂದರು. ಮೈಯೆಲ್ಲ ಮಣ್ಣು. ಎಸ್ತರ್ ಅವರನ್ನು ನೋಡಿ ನನ್ನ ಕಿವಿಯಲ್ಲಿ “ಬಾವಿ ತೋಡಿದ್ರಾ ಕೇಳು” ಅಂದಳು. ನಾನು ಕೇಳಿದೆ. ಆಚಾರ್ರು ನಕ್ಕುಬಿಟ್ಟರು. ಗಿರಾಕಿಯ ಮಾತಿಗೆ ಮೆಕ್ಯಾನಿಕ್ಕು ನಕ್ಕದ್ದನ್ನು ನಾನು ಆ ಅಂಗಡಿಯಲ್ಲಿ ಅದೇ ಮೊದಲು ನೋಡಿದ್ದು. ನಕ್ಕವರೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡರು. ಪೆಟ್ಟಿಗೆಯ ಗುಂಯ್ ಇನ್ನೊಂದಿಷ್ಟು ಜೋರಾಯಿತು.

ಪರಶಿವಯ್ಯ ಬಂದದ್ದು ಅವತ್ತೇ. “ಏನಮ್ಮ ಎಸ್ತರಮ್ಮ, ನಿನ್ನ ಪೆಟ್ಟಿಗೆಯಿಂದ ಊರೆಲ್ಲ ನಗ್ತಿದೆ. ಆಚಾರ್ರಿಗೆ ನಿನ್ನ ಮೇಲೆ ಅದು ಇದು ಅಂತ ಮಾತಾಡ್ತಿದಾರೆ, ಆಡ್ಕೊಳ್ಳಲಿ, ಅದು ನಿಮ್ಮ ವಿಷಯ. ನಂದು ಇಷ್ಟೇ. ಅಕ್ಕಿ ಗಿರಣಿಯವರ ಮದುವೆ ಬರ್ತಿದೆ. ನಾನು ಹಾಡುವಾಗ ಹಿಂದೆ ಜೇನುಗೂಡು ಕೂರಬಾರದು. ಅವತ್ತಿಗೆ ಇದು ಸುಮ್ಮನಾಗದಿದ್ರೆ ನಿನ್ನ ಜಾಗಕ್ಕೆ ಕೀಬೋರ್ಡಿನವನನ್ನ ಹಾಕ್ಕೋತೀನಿ. ಮುಂದಕ್ಕೂ ಅವನೇ.” ಎಸ್ತರಳಿಗೆ ಗಿಟಾರು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ವಾಲ್ವಿನ ಕೆಲಸ ಬಲ್ಲವರು ಊರಿನಲ್ಲಿ ಆಚಾರ್ರು ಬಿಟ್ಟರೆ ಇನ್ನೊಬ್ಬರಿಲ್ಲ. ಉಳಿದದ್ದು ಒಂದೇ ದಾರಿ. ಆಚಾರ್ರಿಗೆ ಅವಳ ಮೇಲೆ ಮತ್ತೆ ಕೋಪ ಬರಬೇಕು.

ಬೀದಿಯ ಹೆಂಗಸರೆಲ್ಲ ಕೈಜೋಡಿಸಿದರು. ಲೀಲಮ್ಮನ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಬೈಗುಳ ಹೊಸೆದದ್ದೇ ಹೊಸೆದದ್ದು. ಎಸ್ತರ್ ಅವನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದು ಅಂಗಡಿಯಲ್ಲಿ ನಿಂತಳು. “ಅವರ ಬೆಸುಗೆ ಕಾಗೆ ಹಿಕ್ಕೆ ಇದ್ದಂಗಿದೆ ಅಂತ ಹೇಳಕ್ಕ.” ಹೇಳಿದೆ. ಆಚಾರ್ರು ತಲೆಯಾಡಿಸಿದರು. “ಇದು ಹಳೇದು. ಚಪ್ಪಲಿ ಅಂಗಡಿ ಬಸಪ್ಪ ಅಂದಿದ್ದ. ಬೇರೆ ಇದ್ರೆ ನೋಡಿ ಅನ್ನಿ.” “ಅವರ ಅಂಗಡಿಗೆ ಬಂದ ರೇಡಿಯೋ ಹೆಣವಾಗಿ ವಾಪಸ್ ಹೋಗುತ್ತೆ ಅಂತ ಹೇಳು.” “ಚೆನ್ನಾಗಿದೆ. ಲೀಲಮ್ಮಂದು ಇರಬೇಕು” ಅಂದರು ಆಚಾರ್ರು. “ಅವರ ಮೀಸೆ ಸವೆದ ಬ್ರಶ್ಶು!” ಅಂದಳು ಎಸ್ತರ್, ಉಸಿರು ಕಟ್ಟಿ. ಆಚಾರ್ರು ಮೀಸೆ ಸವರಿಕೊಂಡು ನನ್ನನ್ನು ಕೇಳಿದರು, “ಕತ್ತರಿಸಬೇಕಾ ಅಂತ ಕೇಳಿ ಚೌಡಕ್ಕ. ಬೇಕಿದ್ರೆ ಕತ್ತರಿಸ್ತೀನಿ.” ಎಸ್ತರ್ ಸೆರಗು ಬಾಯಿಗೆ ಒತ್ತಿಕೊಂಡಳು. ಟೈಲರ್ ಅಂತೂ ಹೊಲಿಗೆ ಬಿಟ್ಟು ಬಾಗಿಲಿಗೇ ಬಂದು ನಿಂತಿದ್ದ.

ಮದುವೆ ಹತ್ತಿರವಾಯಿತು. ಒಂದು ದಿನ ಎಸ್ತರ್ ಬಂದವಳು ನಗಲಿಲ್ಲ. ಪೆಟ್ಟಿಗೆಯ ಹಿಂದೆ ಬಾಗಿದ್ದ ಆಚಾರ್ರನ್ನು ಸ್ವಲ್ಪ ಹೊತ್ತು ನೋಡಿದಳು. ಬೆಸುಗೆ ಕಡ್ಡಿ ಹಿಡಿದ ಅವರ ಕೈ ಒಂದಿಷ್ಟು ನಡುಗುತ್ತಿತ್ತು. ಈಚೆಗೆ ನಡುಗುತ್ತದೆ. ನಾವೆಲ್ಲ ನೋಡಿಯೂ ನೋಡದ ಹಾಗಿದ್ದೆವು. “ಮುನಿಸಿಲ್ಲ ಅದಕ್ಕೇ ರಿಪೇರಿ ನಿಲ್ತಿಲ್ಲ ಅಂತ ಊರೋರು ಅಂತಾರಲ್ಲ, ಅದೆಲ್ಲ ಸುಳ್ಳು ಅಂತ ಹೇಳಕ್ಕ. ಅವರಿಗೆ ವಯಸ್ಸಾಯ್ತು. ಕೈ ನಡುಗುತ್ತೆ. ಕೆಲಸ ಮರೆತುಹೋಗಿದೆ. ಅದನ್ನ ಒಪ್ಪಿಕೊಳ್ಳೋಕಾಗದೆ ಬೆಲ್ಲದ ಕಥೆ ಹಿಡ್ಕೊಂಡು ಕೂತಿದಾರೆ.” ನನ್ನ ಕೆಲಸ ಅದು, ಅಷ್ಟನ್ನೂ ಹೇಳಿದೆ. ಆಚಾರ್ರು ತಲೆ ಎತ್ತಲಿಲ್ಲ. ಅವರ ಕಿವಿ ಮೆಲ್ಲಗೆ ಕೆಂಪಾಯಿತು. ಬೆಸುಗೆ ಕಡ್ಡಿಯನ್ನು ಗಟ್ಟಿಯಾಗಿ ಹಿಡಿದು, ಒಳಗೆ ಎಲ್ಲಿಯೋ ಒಂದು ಕಡೆ ಒತ್ತಿದರು. ಚಿಟಪಟ ಪಟ್ಟನೆ ನಿಂತಿತು.

ಸುದ್ದಿ ಮುಟ್ಟಿದ್ದೇ ಪರಶಿವಯ್ಯ ಓಡಿಬಂದ. ಪೆಟ್ಟಿಗೆಗೆ ಕಿವಿಯಿಟ್ಟು, “ಅರ್ಧ ಆಯ್ತು! ಅಂಥದ್ದೇ ಇನ್ನೊಂದು ಬಿಡಮ್ಮ, ಗುಂಯ್ಯೂ ಹೋಗುತ್ತೆ” ಅಂದ. ಎಸ್ತರ್ ನೋಡುತ್ತಿದ್ದದ್ದು ಆಚಾರ್ರ ಕೈಗಳನ್ನು. ಅವರು ಎರಡು ಕೈಯನ್ನೂ ಮೇಜಿನ ಕೆಳಗೆ ಇಳಿಸಿಕೊಂಡಿದ್ದರು. ಮೂರು ಜನ ಗಿರಾಕಿಗಳು ಬಂದು ಹೋದರೂ ಮೇಲೆ ತೆಗೆಯಲಿಲ್ಲ. “ನಾಳೆ ಬರೋಕೆ ಹೇಳಿ, ನಾಳೆ ಬರೋಕೆ ಹೇಳಿ” ಅನ್ನುತ್ತಿದ್ದರು.

ಅಂಥದ್ದೇ ಇನ್ನೊಂದು ಮಾತು ಇತ್ತು. ಅದು ಊರಿಗೆಲ್ಲ ಗೊತ್ತಿದ್ದ ಮಾತು. ಆಚಾರ್ರ ಹೆಂಡತಿ ರುಕ್ಮಿಣಿ ಕಾಯಿಲೆಯಲ್ಲಿ ಮಲಗಿದ್ದಾಗ ಒಂದು ಬೆಳಗ್ಗೆ ಕರೆಯಲು ಬಂದವರಿಗೆ ಆಚಾರ್ರು “ಒಂದು ಬೆಸುಗೆ ಬಾಕಿ ಇದೆ, ಬಂದೆ” ಅಂದಿದ್ದರು. ಅವರು ಹೋಗುವಷ್ಟರಲ್ಲಿ ಆಕೆ ಇರಲಿಲ್ಲ. ಊರಿನಲ್ಲಿ ಅವರ ಮೇಲೆ ಹಲ್ಲು ಕಡಿಯುವಷ್ಟು ಮುನಿಸಿದ್ದವರೂ ಅದನ್ನು ಎಂದೂ ಬಾಯಿಗೆ ತಂದದ್ದಿಲ್ಲ. ಯಾವ ರಿಪೇರಿಗೂ ಅಷ್ಟು ಮುನಿಸು ಬೇಕಾಗುವುದಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಎಸ್ತರ್ ಬಂದು ಮೇಜಿನ ಈ ಕಡೆ ನಿಂತಳು. ಆಚಾರ್ರು ಪೆಟ್ಟಿಗೆಯ ಹಿಂಬದಿ ಬಿಚ್ಚಿ, ಬೆಸುಗೆ ಕಡ್ಡಿಯನ್ನು ಆಗಲೇ ಕಾಯಲು ಇಟ್ಟಿದ್ದರು. ಅವಳು ಬಾಯಿ ತೆರೆಯುವ ಮೊದಲು ಅವರೇ ನನ್ನ ಕಡೆ ತಿರುಗಿದರು. “ಚೌಡಕ್ಕ, ಆಯಮ್ಮನಿಗೆ ಹೇಳಿ. ಯಾವ ಮಾತು ಅಂತ ನನಗೂ ಗೊತ್ತು. ಅಂದುಬಿಡಲಿ. ನನಗೆ ಕೋಪ ಬರುತ್ತೆ. ಬಂದ್ರೆ ಹೋಗೋ ಕೋಪ ಅಲ್ಲ ಅದು. ನಾನಿರೋ ತನಕ ಈ ಪೆಟ್ಟಿಗೆ ಉಸಿರೆತ್ತಲ್ಲ. ಗಿಟಾರು ಉಳ್ಕೊಳ್ಳುತ್ತೆ.” ಅವರ ದನಿ ಸಾಧಾರಣವಾಗಿಯೇ ಇತ್ತು. ಯಾವ ವಾಲ್ವು ಹಾಕಬೇಕು ಅಂತ ಹೇಳುವಾಗ ಇರುವ ಹಾಗೆ. ನಾನು ಎಸ್ತರಳ ಕಡೆ ತಿರುಗಿ ಹೇಳಬೇಕಿತ್ತು. “ಅಂದುಬಿಡಬೇಕಂತೆ” ಎಂದಷ್ಟೇ ಹೇಳಲಾಯಿತು.

ಬೆಸುಗೆ ಕಡ್ಡಿ ಹೊಗೆಯಾಡುತ್ತಿತ್ತು. ಪೆಟ್ಟಿಗೆ ಗುಂಯ್ ಅನ್ನುತ್ತಿತ್ತು. ಎಸ್ತರ್ ಮೇಜಿನ ಅಂಚನ್ನು ಹಿಡಿದುಕೊಂಡಳು. ಬಂದೇಬಿಟ್ಟಿತು ಆ ಮಾತು, ನಾನು ಅದನ್ನು ಈ ಬಾಯಿಂದ ದಾಟಿಸಬೇಕಲ್ಲಪ್ಪ ಅಂದುಕೊಂಡೆ. ಆದರೆ ಅವಳು ಮೇಜನ್ನು ಬಳಸಿಕೊಂಡು ಆ ಕಡೆಗೆ ಹೋದಳು. ಬಗ್ಗಿ ಪ್ಲಗ್ ಕಿತ್ತಳು. ಪೆಟ್ಟಿಗೆಯ ಹಿಂಬದಿಯ ಹಲಗೆಯನ್ನು ತಾನೇ ಕೂರಿಸಿ, ಸ್ಕ್ರೂ ಒಂದೊಂದಾಗಿ ತಿರುಗಿಸಿದಳು. ಆಚಾರ್ರು ಬೆಸುಗೆ ಕಡ್ಡಿ ಹಿಡಿದುಕೊಂಡೇ ನೋಡುತ್ತ ನಿಂತಿದ್ದರು.

“ಅಕ್ಕ, ಒಂದು ಕೈ ಹಿಡಿ. ಮನೆಗೆ ತಗೊಂಡು ಹೋಗೋಣ” ಅಂದಳು.

ದಾರಿಯಲ್ಲಿ ಗಾಡಿಯನ್ನು ನಾನು ಹಿಂದಿನಿಂದ ತಳ್ಳುತ್ತಿದ್ದೆ, ಅವಳು ಮುಂದೆ ಹಿಡಿದಿದ್ದಳು. ಮನೆಯಲ್ಲಿ ಪೆಟ್ಟಿಗೆ ಇಳಿಸಿ, ಪ್ಲಗ್ ಹಾಕಿ, ಎದುರಿಗೆ ನೆಲದ ಮೇಲೆ ಕೂತಳು. ನಾನು ಒಲೆ ಹಚ್ಚಿ ಕಾಫಿಗೆ ಇಟ್ಟೆ. “ನಾಳೆ ಏನು ಮಾಡ್ತೀಯೇ?” ಅಂದೆ. “ಗೊತ್ತಿಲ್ಲಕ್ಕ.” ಆಮೇಲೆ ಅವಳೇ ಅಂದಳು, “ಪರಶಿವಯ್ಯ ಕಳಿಸಿದ್ರೆ ಕಳಿಸಲಿ. ಸಂತೇಲಿ ಕೊತ್ತಂಬರಿ ಮಾರ್ತೀನಿ. ಆ ಮಾತು ಅಂದು, ಆಮೇಲೆ ಬಾರಿಸೋಕೆ ಕೂತ್ರೆ ಬೆರಳು ಓಡುತ್ತಾ?” ಕಾಫಿ ಕುಡಿದೆವು. ಪೆಟ್ಟಿಗೆ ತನ್ನ ಪಾಡಿಗೆ ಗುಂಯ್ ಅನ್ನುತ್ತಲೇ ಇತ್ತು. ಲೋಟ ತೊಳೆದು ಬರುವಷ್ಟರಲ್ಲಿ ಎಸ್ತರ್ ಕತ್ತು ವಾಲಿಸಿ ಕೂತಿದ್ದಳು. “ಅಕ್ಕ, ಕೇಳಿಸ್ಕೊ. ಇದು ಮೇಲೆ ಕೆಳಗೆ ಹೋಗಲ್ಲ. ಒಂದೇ ಕಡೆ ನಿಂತಿದೆ.” “ಸರಿ, ನಿಂತರೆ?” “ನಿಂತರೆ ಅದು ಗಲಾಟೆ ಅಲ್ಲಕ್ಕ, ಶ್ರುತಿ.” ಗಿಟಾರನ್ನು ಎಳೆದುಕೊಂಡು ತಂತಿ ಬಿಗಿಯುವ ಬಿರಡೆಗಳನ್ನು ಒಂದೊಂದಾಗಿ ಸಡಿಲಿಸಿದಳು. ತಂತಿ ಮೊದಲು ಗುಂಯ್ ಜೊತೆ ಜಗಳ ಆಡಿತು. ಇನ್ನೂ ಒಂದು ಎಳೆ ತಿರುಗಿಸಿದಳು, ಮತ್ತೂ ಒಂದು ಎಳೆ. ಇದ್ದಕ್ಕಿದ್ದ ಹಾಗೆ ಗುಂಯ್ ಎಲ್ಲಿ ಹೋಯಿತು ಅಂತ ನಾನು ಹುಡುಕಬೇಕಾಯಿತು. ಎಲ್ಲಿಗೂ ಹೋಗಿರಲಿಲ್ಲ, ತಂತಿಯ ಅಡಿಯಲ್ಲಿಯೇ ಇತ್ತು. ಭಜನೆಯಲ್ಲಿ ತಂಬೂರಿ ಇರುತ್ತದಲ್ಲ, ಹಾಗೆ.

ಮದುವೆಯ ದಿನ ಛತ್ರದಲ್ಲಿ ಪರಶಿವಯ್ಯ ಗುಂಯ್ ಕೇಳಿದವನೇ ಕೆಂಡವಾದ. “ನಾನು ಏನು ಹೇಳಿದ್ದೆ?” “ಹೇಳಿದ್ರಿ. ಒಂದು ಹಾಡು ಇದರ ಶ್ರುತೀಲಿ ಹಾಡಿ. ಸರಿಹೋಗದಿದ್ರೆ ನಾನೇ ಎದ್ದು ಹೋಗ್ತೀನಿ.” “ಇದು ನನ್ನ ಶ್ರುತಿ ಅಲ್ಲ, ಎಷ್ಟೊಂದು ಕೆಳಗಿದೆ!” “ನಿಮ್ಮ ಶ್ರುತೀಲಿ ಮೇಲೆ ಹೋದಾಗೆಲ್ಲ ನೀವು ಕೆಮ್ಮೋ ಹಾಗೆ ನಟಿಸ್ತೀರಿ, ಊರಿಗೆಲ್ಲ ಗೊತ್ತು” ಅಂದಳು ಎಸ್ತರ್. ಜನ ಕಾಯುತ್ತಿದ್ದರು, ಕೀಬೋರ್ಡಿನವನು ಬಂದಿದ್ದರೂ ಅವನ ಪೆಟ್ಟಿಗೆ ಇನ್ನೂ ಬಿಚ್ಚಿರಲಿಲ್ಲ. ಪರಶಿವಯ್ಯ ಸಿಟ್ಟಿನಲ್ಲಿಯೇ ಶುರುಮಾಡಿದ. ಎರಡನೆಯ ಸಾಲಿಗೆ ಬರುವಾಗ ಅವನ ಹುಬ್ಬು ಸಡಿಲವಾಯಿತು. ಮೂರನೆಯದಕ್ಕೆ ಕಣ್ಣು ಮುಚ್ಚಿದ. ಈ ವಯಸ್ಸಿನಲ್ಲಿ ಅವನ ದನಿಗೆ ಕೂರಲು ಒಂದು ಜಾಗ ಬೇಕಿತ್ತು ಅಂತ ಕಾಣುತ್ತದೆ, ಅದು ಸಿಕ್ಕಿತು. ಹಾಡು ಮುಗಿದ ಮೇಲೆ ಅವನು ಎಸ್ತರಳ ಕಡೆ ನೋಡಲಿಲ್ಲ, ಕೀಬೋರ್ಡಿನವನ ಕಡೆ ತಿರುಗಿ “ನೀನು ಊಟ ಮಾಡ್ಕೊಂಡು ಹೋಗಪ್ಪ” ಅಂದ.

ಕಾಳಾಚಾರ್ರು ಹಿಂದಿನ ಸಾಲಿನಲ್ಲಿ, ನನ್ನ ಪಕ್ಕದಲ್ಲಿ ಕೂತಿದ್ದರು. ಗಿರಣಿಯವರಿಗೂ ಅವರಿಗೂ ಮಾತಿಲ್ಲವಾದ್ದರಿಂದ ಅವರಿಗೆ ಕರೆಯೋಲೆ ಮಾತ್ರ ಬಂದಿತ್ತು, ಬಾಗಿಲಲ್ಲಿ ಬನ್ನಿ ಅನ್ನುವವರು ಇರಲಿಲ್ಲ. ಅದು ಕ್ರಮದಂತೆಯೇ. ಆದರೆ ಅವತ್ತು ಹೋಗುವವರು ಬರುವವರೆಲ್ಲ ಒಂದು ಸಲ ಪೆಟ್ಟಿಗೆಯ ಕಡೆಗೆ ನೋಡಿ, ಒಂದು ಸಲ ಆಚಾರ್ರ ಕಡೆಗೆ ನೋಡಿ ಮುಂದೆ ಹೋಗುತ್ತಿದ್ದರು. ಗುಂಯ್ ಅಂದರೆ ಏನರ್ಥ ಅನ್ನುವುದು ಛತ್ರದಲ್ಲಿದ್ದವರಿಗೆಲ್ಲ ಗೊತ್ತು. ಅದನ್ನು ಅವಳು ಎಲ್ಲರೆದುರು ಶ್ರುತಿ ಮಾಡಿಕೊಂಡು ಬಾರಿಸುತ್ತಿದ್ದಾಳೆ ಅನ್ನುವುದೂ ಗೊತ್ತು. ಆಚಾರ್ರು ಮಡಿಲಲ್ಲಿ ಕೈ ಕಟ್ಟಿಕೊಂಡು, ನೆಲ ನೋಡುತ್ತ, ಕಿವಿ ಕೆಂಪಗೆ ಮಾಡಿಕೊಂಡು ಕೂತಿದ್ದರು. ಅದು ಕೋಪದ ಕೆಂಪಲ್ಲ.

ನಾಲ್ಕೋ ಐದೋ ಹಾಡಾಗಿರಬೇಕು, ನಡುವಿನಲ್ಲಿ ಕರೆಂಟು ಹೋಯಿತು. ಫ್ಯಾನುಗಳು ನಿಂತವು, ಮೈಕು ನಿಂತಿತು. ಪರಶಿವಯ್ಯ ಬರಿಯ ಗಂಟಲಲ್ಲಿ ಮುಂದುವರಿಸಲು ನೋಡಿದ. ಅಡಿಯಲ್ಲಿದ್ದ ಗುಂಯ್ ಹೋದದ್ದೇ ಅವನ ದನಿ ಮೆಟ್ಟಿಲು ತಪ್ಪಿದ ಹಾಗೆ ಎಡವಿತು. ಅವನು ಸುಮ್ಮನಾದ. ಜನ ಬೀಸಣಿಗೆ ಹುಡುಕಿದರು, ಮಕ್ಕಳು ಕೂಗಿದವು. ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ದೀಪ ಹತ್ತಿಕೊಂಡವು, ಫ್ಯಾನು ತಿರುಗಿದವು, ಪರಶಿವಯ್ಯ ಮೈಕಿಗೆ ಉಫ್ ಎಂದು ಊದಿ ನೋಡಿದ. ಪೆಟ್ಟಿಗೆ ಮಾತ್ರ ಸುಮ್ಮನೆ ಇತ್ತು.

ಎಸ್ತರ್ ಕಾದಳು. ಪರಶಿವಯ್ಯ ಕಾದ. ವಾಲ್ವು ಕಾಯುವುದಕ್ಕೆ ಹೊತ್ತು ಬೇಕು ಅಂತ ನನಗೆ ಗೊತ್ತಿತ್ತು, ಆದರೂ ಕುರ್ಚಿಯ ಅಂಚಿಗೆ ಜರುಗಿ ಕೂತೆ. ಯಾರು ಸುಮ್ಮನಿರಿ ಅಂದರೋ ಕಾಣೆ, ಛತ್ರಕ್ಕೆ ಛತ್ರವೇ ಸುಮ್ಮನಾಯಿತು. ಮಂಟಪದ ಮೇಲೆ ಕೂತ ಮದುಮಕ್ಕಳೂ ಕತ್ತು ಉದ್ದ ಮಾಡಿ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಅಡಿಗೆಯವರು ಬಾಗಿಲಿಗೆ ಬಂದು ನಿಂತರು. ಸದ್ದಿಲ್ಲ. ಆ ಪೆಟ್ಟಿಗೆ ಸುಮ್ಮನಾಗಲಿ ಅಂತ ಇಷ್ಟು ದಿನ ಹಂಬಲಿಸಿದ ಜನವೇ ಅದು ಸುಮ್ಮನಾಗಿಬಿಟ್ಟಿತಾ ಅಂತ ಉಸಿರು ಹಿಡಿದಿತ್ತು. ಆಚಾರ್ರಿಗೆ ಕೂತಿರಲು ಆಗಲಿಲ್ಲ. ಕುರ್ಚಿಯಿಂದ ಅರ್ಧ ಎದ್ದು, ನಡುಗುವ ಕೈಯಲ್ಲಿ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡು ನಿಂತರು.

ಬಹಳ ದೂರದಿಂದ ಬರುವ ಹಾಗೆ, ಇದೆಯೋ ಇಲ್ಲವೋ ಅನ್ನುವ ಹಾಗೆ ಏನೋ ಒಂದು ಎದ್ದಿತು. ಆಚಾರ್ರಿಗೆ ಅದು ಕೇಳಿಸಿತೋ ಇಲ್ಲವೋ. ಇಡೀ ಛತ್ರಕ್ಕೆ ಕೇಳುವ ಹಾಗೆ, “ಬಂತಾ ಚೌಡಕ್ಕ? ಬಂತಾ ಅಂತ ಆಯಮ್ಮನ್ನ ಕೇಳಿ” ಅಂದರು.

ನಾನು ಕೇಳಲು ಎದ್ದು ನಿಂತೆ, ಬಾಯಿಯನ್ನೂ ತೆರೆದಿದ್ದೆ. ಅಷ್ಟರಲ್ಲಿ ವೇದಿಕೆಯ ಮೇಲಿಂದ ಎಸ್ತರ್ ನೇರವಾಗಿ ಅವರನ್ನೇ ನೋಡಿ ಹೇಳಿದಳು.

“ಬಂತು ಆಚಾರ್ರೆ. ಕೂತ್ಕೊಳ್ಳಿ.”